ಹಳೇ ಬಸ್‌ನ ಡಿಫರೆನ್ಷಿಯಲ್ ಆಯಿಲ್: ಲೆವೆಲ್ ಫುಲ್ ಇದೆ ಅನ್ನಿಸುತ್ತದೆ, ಆದರೂ ಬದಲಿಸಬೇಕಾ?

ಹಿಂದಿನ ಸೀಟು:

ಎಲ್ಲರಿಗೂ ನಮಸ್ಕಾರ. ಒಂದು ಹಳೇ ಬಸ್ ತೆಗೆದುಕೊಂಡಿದ್ದೇನೆ, ಇಪ್ಪತ್ತು ವರ್ಷ ದಾಟಿದ ಗಾಡಿ. ಎಂಜಿನ್ ಮುಂದೆ, ಹಿಂದೆ ಲೀಫ್ ಸ್ಪ್ರಿಂಗ್, ಏರ್ ಬ್ರೇಕ್. ಸೀಟುಗಳನ್ನೆಲ್ಲ ಬಿಚ್ಚಿ ಒಳಗೆ ಮಲಗುವಷ್ಟು ಜಾಗ ಮಾಡಿಕೊಳ್ಳೋಣ ಅಂತ ಆಸೆ, ಆದರೆ ಅದಕ್ಕೂ ಮುಂಚೆ ಗಾಡಿ ಓಡಬೇಕಲ್ವಾ. ಎಂಜಿನ್ ಆಯಿಲ್, ಫಿಲ್ಟರ್, ಕೂಲೆಂಟ್ ಎಲ್ಲ ನಾನೇ ಬದಲಿಸಿದೆ. ಈಗ ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ (ಎಂಜಿನ್ ತಿರುವನ್ನು ಎರಡೂ ಬದಿಯ ಚಕ್ರಕ್ಕೆ ಹಂಚುವ ಗೇರ್‌ಗಳು) ಹತ್ತಿರ ಬಂದು ನಿಂತಿದ್ದೇನೆ.

ಮಾರಿದವರ ಹತ್ತಿರ ಯಾವ ಲೆಕ್ಕವೂ ಇಲ್ಲ. ಡಿಫರೆನ್ಷಿಯಲ್ ಆಯಿಲ್ ಯಾವಾಗ ಹಾಕಿದ್ದು ಅಂತ ಕೇಳಿದರೆ "ಅದನ್ನೆಲ್ಲ ಯಾರು ಮುಟ್ಟುತ್ತಾರೆ" ಅಂತ ನಕ್ಕುಬಿಟ್ಟರು.

ನಿನ್ನೆ ಕೆಳಗೆ ಮಲಗಿ ನೋಡಿದೆ. ಹಂಡೆಯಂಥ ಹೌಸಿಂಗ್, ಅದರ ಮೇಲೆ ಎಣ್ಣೆ ಮಣ್ಣು ಕಲೆತು ಬೆರಳು ದಪ್ಪ ಹಕ್ಕಳೆ ಕಟ್ಟಿದೆ. ಸ್ಕ್ರೂಡ್ರೈವರ್‌ನಲ್ಲಿ ಕೆರೆದರೆ ಹಿಂದಿನ ಬದಿಯಲ್ಲಿ ಎರಡು ಪ್ಲಗ್ ಕಂಡವು. ಮೇಲಿನದು ದೊಡ್ಡದು, ನಡುವೆ ಚೌಕದ ಗುಳಿ ಇದೆ. ಅದರ ಸ್ವಲ್ಪ ಕೆಳಗೆ ಒಂದು ಚಿಕ್ಕದು. ದೊಡ್ಡದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಚಿಕ್ಕದು ಸುಲಭವಾಗಿ ಬಂತು, ತೆಗೆದ ತಕ್ಷಣ ಕಪ್ಪು ಎಣ್ಣೆ ಸಣ್ಣಗೆ ಒಸರಿತು. ಬೇಗ ಮುಚ್ಚಿಬಿಟ್ಟೆ. ಹಾಗಾದರೆ ಲೆವೆಲ್ ಫುಲ್ ಇದೆ ಅಂತ ತಾನೆ?

ಇನ್ನೆರಡು ವಿಷಯ. ಗೇರ್‌ಬಾಕ್ಸ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಮೂತಿಯ ಹತ್ತಿರ ಒದ್ದೆ ಇದೆ. ನೆಲಕ್ಕೆ ತೊಟ್ಟಿಕ್ಕುವುದಿಲ್ಲ, ಆದರೆ ಅದರ ನೇರಕ್ಕೆ ಫ್ಲೋರ್ ತಳದಲ್ಲಿ ಎಣ್ಣೆ ಎರಚಿದ ಗೆರೆ ಕಾಣುತ್ತದೆ. ಆಮೇಲೆ 60 ದಾಟಿದಾಗ ಹಿಂದಿನಿಂದ ಗುಂಯ್ ಅಂತ ಸಣ್ಣ ಸದ್ದು, ಆಕ್ಸಿಲರೇಟರ್ ಬಿಟ್ಟರೆ ಕಮ್ಮಿ ಆಗುತ್ತದೆ.

ಹೌಸಿಂಗ್ ತಳದ ಡ್ರೈನ್ ಪ್ಲಗ್ ಬಿಚ್ಚಿ ಎಲ್ಲ ಸುರಿಸಿಬಿಡಲಾ? ಯಾವ ಎಣ್ಣೆ, ಎಷ್ಟು ಲೀಟರ್? ಗೆಳೆಯನೊಬ್ಬ "ಹಳೇ ಆಕ್ಸಲ್‌ಗೆ ಹೊಸ ಎಣ್ಣೆ ಹಾಕಿದರೆ ಸೋರೋದು ಶುರು ಆಗುತ್ತದೆ, ಸುಮ್ನೆ ಬಿಡು" ಅನ್ನುತ್ತಾನೆ.

ಗ್ರೀಸ್ ಕೈ:

ಡ್ರೈನ್ ಪ್ಲಗ್‌ಗೆ ಸದ್ಯಕ್ಕೆ ಕೈ ಹಾಕಬೇಡಿ. ದೊಡ್ಡ ಪ್ಲಗ್ ಬಿಚ್ಚಿಕೊಂಡ ಮೇಲೇ ಅದು. ಕೆಳಗಿನದನ್ನು ಬಿಚ್ಚಿ ಎಣ್ಣೆಯನ್ನೆಲ್ಲ ಸುರಿಸಿ, ಆಮೇಲೆ ಮೇಲಿನದು ಬರಲೇ ಇಲ್ಲ ಅಂದರೆ ಹೊಸ ಎಣ್ಣೆ ಎಲ್ಲಿಂದ ಹಾಕುತ್ತೀರಿ? ಗಾಡಿ ನಿಂತಲ್ಲೇ ನಿಲ್ಲುತ್ತದೆ. ಈ ಪಾಠ ನಾನು ಕಲಿತದ್ದು ಬೇರೆಯವರ ಗಾಡಿಯಲ್ಲಿ, ಅದು ಇನ್ನೂ ಕೆಟ್ಟದ್ದು, ಮೂರು ದಿನ ಅವರ ಮುಖ ನೋಡೋಕೆ ಆಗಲಿಲ್ಲ.

ಆ ಚಿಕ್ಕ ತೂತು ಲೆವೆಲ್ ನೋಡುವ ತೂತಲ್ಲ. ಎಷ್ಟೋ ಆಕ್ಸಲ್‌ಗಳಲ್ಲಿ ಅದು ಎಣ್ಣೆಯ ಬಿಸಿ ಅಳೆಯುವ ಸೆನ್ಸರ್ ಕೂರಿಸಲು ಬಿಟ್ಟ ಜಾಗ. ಸೆನ್ಸರ್ ಇಲ್ಲದ ಗಾಡಿಗೆ ಅಲ್ಲಿ ಪ್ಲಗ್ ಹಾಕಿ ಮುಚ್ಚಿರುತ್ತಾರೆ. ಅದು ಎಣ್ಣೆ ತುಂಬುವ ದೊಡ್ಡ ತೂತಿಗಿಂತ ಕೆಳಗೆ ಇರುವುದರಿಂದ ಎಣ್ಣೆ ಕಮ್ಮಿ ಇದ್ದರೂ ಅಲ್ಲಿ ಒಸರುತ್ತದೆ, ನೋಡಿದವರು ಫುಲ್ ಅಂದುಕೊಂಡು ಮುಚ್ಚಿ ಹೋಗುತ್ತಾರೆ. ಸಣ್ಣಗೆ ಒಸರಿತು ಅಂದಿರಲ್ಲ, ಫುಲ್ ಇದ್ದಿದ್ದರೆ ಆ ತೂತಿನಿಂದ ಧಾರೆಯೇ ಬರುತ್ತಿತ್ತು, ನಿಮ್ಮ ತೋಳೆಲ್ಲ ನೆನೆಯುತ್ತಿತ್ತು. ನಿಮ್ಮದು ಕಮ್ಮಿ ಇದೆ, ನನಗೆ ಅನುಮಾನ ಇಲ್ಲ.

ಲೆವೆಲ್ ಅಂದರೆ ದೊಡ್ಡ ತೂತಿನ ಕೆಳ ಅಂಚಿಗೆ ಎಣ್ಣೆ ಸಮ ನಿಲ್ಲಬೇಕು. ಬೆರಳು ಬಗ್ಗಿಸಿದಾಗ ತುದಿಗೆ ಅಂಟಿತು ಅಂದರೆ ಸಾಲದು, ಟಾರ್ಚ್ ಹಾಕಿದಾಗ ಒಳಗೆ ಕಂಡಿತು ಅಂದರೂ ಸಾಲದು. ಇನ್ನೇನು ಹೊರಗೆ ಚೆಲ್ಲುತ್ತದೆ ಅನ್ನುವ ಹಾಗಿರಬೇಕು. ಅಷ್ಟು ಅಗಲದ ಹೌಸಿಂಗ್‌ನಲ್ಲಿ ಒಂದು ಬೆರಳು ಕಮ್ಮಿ ಅಂದರೂ ಅದು ಸಣ್ಣ ಲೆಕ್ಕ ಅಲ್ಲ. ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವ ಚಿಕ್ಕ ಗೇರ್) ಬೇರಿಂಗ್‌ಗೆ ಎಣ್ಣೆ ಸಿಗುವುದು ಅದು ತಿರುಗಿಸುವ ದೊಡ್ಡ ಗೇರ್ ಆದ ಕ್ರೌನ್ ವೀಲ್ ಎಣ್ಣೆಯಲ್ಲಿ ಅದ್ದಿಕೊಂಡು ತಿರುಗುತ್ತಾ ಎರಚುವುದರಿಂದ. ಏರು ಹತ್ತುವಾಗ ಎಣ್ಣೆ ಹಿಂದಕ್ಕೆ ಸರಿಯುತ್ತದೆ, ಎಂಜಿನ್ ಮುಂದಿರುವ ಗಾಡಿಯಲ್ಲಿ ಪಿನಿಯನ್ ಮುಂದಿನ ಬದಿಯಲ್ಲಿರುತ್ತದೆ. ಕಮ್ಮಿ ಎಣ್ಣೆಯ ಗಾಡಿಯಲ್ಲಿ ಜಾಸ್ತಿ ಲೋಡ್ ಬೀಳುವ ಹೊತ್ತಿಗೇ ಅದು ಒಣಗುತ್ತದೆ.

ದೊಡ್ಡ ಪ್ಲಗ್ ಬಿಚ್ಚುವ ಬಗೆ ಹೇಳುತ್ತೇನೆ. ಚೌಕದ ಗುಳಿಯೊಳಗಿನ ಮಣ್ಣನ್ನು ಮೊಳೆ ಹಾಕಿ ತಳ ಕಾಣುವ ತನಕ ಕೆರೆದು ತೆಗೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಟೂಲ್ ಅರ್ಧ ಮಾತ್ರ ಕೂರುತ್ತದೆ, ಜೋರು ಹಾಕಿದ ತಕ್ಷಣ ಗುಳಿಯ ಅಂಚು ತಿಂದು ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಪ್ಲಗ್ ನೆತ್ತಿಯ ಮೇಲೆ ಸುತ್ತಿಗೆಯಲ್ಲಿ ನೇರವಾಗಿ ನಾಲ್ಕೈದು ಏಟು, ಜೋರಾಗಿ ಅಲ್ಲ, ಥ್ರೆಡ್‌ನಲ್ಲಿ ಕೂತ ತುಕ್ಕು ಒಡೆಯುವಷ್ಟು. ಆಮೇಲೆ ಗುಳಿಗೆ ಸರಿಯಾಗಿ ಕೂರುವ ಟೂಲ್ ಹಾಕಿ, ಹಿಡಿಗೆ ಉದ್ದ ಪೈಪ್ ಕೊಟ್ಟು ಒಂದೇ ಸಮ ಒತ್ತಿ. ಜರ್ಕ್ ಬೇಡ. ಕಿರ್ರ್ ಅಂತ ಒಂದು ಸದ್ದು ಬಂದರೆ ಗೆದ್ದಿರಿ.

ಸಮತಟ್ಟು ಜಾಗ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ. ಹ್ಯಾಂಡ್ ಬ್ರೇಕ್ ನಂಬಿಕೊಂಡು ಕೆಳಗೆ ಹೋಗಬೇಡಿ. ಏರ್ ಬ್ರೇಕ್ ಬಸ್‌ಗಳಲ್ಲಿ ಅದು ಸಾಮಾನ್ಯವಾಗಿ ಹಿಡಿಯುವುದು ಹಿಂದಿನ ಚಕ್ರವನ್ನು. ಹಿಂದಿನ ಚಕ್ರವನ್ನೇ ಜಾಕ್ ಮೇಲೆ ಎತ್ತಿದಿರಿ ಅಂದರೆ ಗಾಡಿಯನ್ನು ಹಿಡಿದಿರುವವರು ಯಾರೂ ಇಲ್ಲ.

ರಾತ್ರಿ ಡ್ರೈವರ್:

ನಾನು ನಿಮ್ಮ ಗೆಳೆಯನ ಪಕ್ಷ. ಡಿಫರೆನ್ಷಿಯಲ್‌ನಲ್ಲಿ ಬೆಂಕಿ ಇಲ್ಲ, ಹೊಗೆ ಇಲ್ಲ, ಮಸಿ ಇಲ್ಲ. ಎಂಜಿನ್ ಆಯಿಲ್ ಥರ ಅದು ಬೇಗ ಕೆಡುವುದಿಲ್ಲ. ಕಮ್ಮಿ ಇದ್ದರೆ ಅಷ್ಟು ತುಂಬಿಸಿ ಓಡಿಸಿ. ನಾನು ಓಡಿಸಿದ ಒಂದು ಗಾಡಿಗೆ ಎಣ್ಣೆ ಬದಲಿಸಿದ ವಾರದಲ್ಲೇ ಪಿನಿಯನ್ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಸೋರಲು ಶುರುವಾಯಿತು, ಅಲ್ಲಿಯ ತನಕ ಒಂದು ಹನಿ ಇರಲಿಲ್ಲ.

ಬದಲಿಸಲೇಬೇಕು ಅಂದರೆ ಹಳೇದು ಸುರಿಸಿದ ಮೇಲೆ ಐದಾರು ಲೀಟರ್ ಡೀಸೆಲ್ ಹಾಕಿ, ಹಿಂದಿನ ಚಕ್ರ ಎತ್ತಿ ಗೇರ್‌ನಲ್ಲಿ ಎರಡು ನಿಮಿಷ ತಿರುಗಿಸಿ, ಒಳಗಿನ ಗಲೀಜೆಲ್ಲ ಬರುತ್ತದೆ. ಹಳೇ ಮೇಸ್ತ್ರಿಗಳು ಹಾಗೇ ಮಾಡುತ್ತಿದ್ದರು.

ನಟ್ಟು ಬೋಲ್ಟು:

ಡ್ರೈವರ್ ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ, ಡೀಸೆಲ್ ವಿಷಯ ಮಾತ್ರ ಒಪ್ಪಲಾರೆ. ಆ ಹೌಸಿಂಗ್ ಒಳಗೆ ಡ್ರೈನ್ ತೂತಿಗಿಂತ ಕೆಳಗೆ, ಮೂಲೆಗಳಲ್ಲಿ, ಆಕ್ಸಲ್ ಕೊಳವೆಯಲ್ಲಿ, ಪಿನಿಯನ್ ಬೇರಿಂಗ್ ನಡುವಿನ ಪೊಟರೆಯಲ್ಲಿ ಡೀಸೆಲ್ ಉಳಿದೇ ಉಳಿಯುತ್ತದೆ. ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ. ಆ ಎರಡು ನಿಮಿಷ ಹಲ್ಲಿಗೆ ಹಲ್ಲು ಉಜ್ಜುವಾಗ ನಡುವೆ ಎಣ್ಣೆಯ ಪದರವೇ ಇರುವುದಿಲ್ಲ. ಜಾಕ್ ಮೇಲೆ ಬಸ್ ನಿಲ್ಲಿಸಿ ಚಕ್ರ ತಿರುಗಿಸುವುದು ಬೇರೆ, ಅದನ್ನು ನೆನೆದರೇ ನನಗೆ ಕೈ ನಡುಗುತ್ತದೆ. ತೊಳೆಯಲೇಬೇಕು ಅನ್ನಿಸಿದರೆ ಹೊಸ ಗೇರ್ ಎಣ್ಣೆ ಹಾಕಿ ಎರಡು ಮೂರು ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ಸುರಿಸಿ. ಅದಕ್ಕಿಂತ ಒಳ್ಳೆ ತೊಳೆತ ಇಲ್ಲ.

ಬದಲಿಸಿದ ಮೇಲೆ ಸೋರಿತು ಅನ್ನುವ ಮಾತು ಸುಳ್ಳಲ್ಲ, ನಾನೂ ಕಂಡಿದ್ದೇನೆ. ಆದರೆ ಅದರಲ್ಲಿ ಹೊಸ ಎಣ್ಣೆಯ ತಪ್ಪು ಏನೂ ಇಲ್ಲ. ಸೀಲ್ ರಬ್ಬರ್ ಯಾವತ್ತೋ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಎಣ್ಣೆ ಕಮ್ಮಿ ಇದ್ದಾಗ ಅಲ್ಲಿಗೆ ಸರಿಯಾಗಿ ತಲುಪುತ್ತಿರಲಿಲ್ಲ, ಮೇಲೆ ಹಕ್ಕಳೆ ಬೇರೆ ಬಿರಡೆ ಹಾಕಿದಂತೆ ಕೂತಿತ್ತು. ಲೆವೆಲ್ ಸರಿ ಮಾಡಿದ ದಿನ ಗುಟ್ಟು ಹೊರಬಿತ್ತು, ಅಷ್ಟೇ.

ಸೀಲ್ ಬಿಚ್ಚುವ ಮೊದಲು ಬ್ರೀದರ್ ನೋಡಿ. ಆಕ್ಸಲ್ ಕೊಳವೆಯ ಮೇಲ್ಭಾಗದಲ್ಲಿ ಟೋಪಿ ಹಾಕಿದ ಸಣ್ಣ ಮೊಲೆಯಂಥದ್ದು ಇರುತ್ತದೆ, ಕೈಯಲ್ಲಿ ತಿರುಗಿಸಿದರೆ ಟೋಪಿ ಆಡಬೇಕು. ಓಡುವಾಗ ಎಣ್ಣೆ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಬ್ರೀದರ್ ಕಟ್ಟಿದ್ದರೆ ಆ ಗಾಳಿ ಸೀಲ್ ತುಟಿಯನ್ನು ಎತ್ತಿ ಎಣ್ಣೆ ಸಮೇತ ಹೊರಬರುತ್ತದೆ. ಎಷ್ಟೋ ಜನ ಸೀಲ್ ಮೇಲೆ ಸೀಲ್ ಬದಲಿಸುತ್ತಾ ಇರುತ್ತಾರೆ, ಕಟ್ಟಿದ ಬ್ರೀದರ್ ಮಾತ್ರ ಹಾಗೇ ಇರುತ್ತದೆ. ಸೀಲ್ ಬದಲಿಸುವ ಕೆಲಸ ಬಂದರೂ ಪಿನಿಯನ್ ನಟ್ಟನ್ನು ಅಂದಾಜಿನಲ್ಲಿ ಬಿಗಿಯಬೇಡಿ. ಬೇರಿಂಗ್ ಬಿಗಿ ಆ ನಟ್ಟಿನ ಟಾರ್ಕ್ ಮೇಲೆ ನಿಂತಿರುತ್ತದೆ, ಪುಸ್ತಕದ ಅಂಕಿ ಇಲ್ಲದೆ ಅದಕ್ಕೆ ಪಾನಾ ಹಾಕಬಾರದು.

ಎಣ್ಣೆ: ಡಬ್ಬಿಯ ಮೇಲೆ ಜಿಎಲ್-5 ಅಂತ ಇರಬೇಕು, ಅದು ಗೇರ್ ಎಣ್ಣೆಯ ದರ್ಜೆ. ಈಗಿನ ಹೆಚ್ಚಿನ ಬಸ್ ಆಕ್ಸಲ್‌ಗಳಲ್ಲಿ ಹೈಪಾಯ್ಡ್ ಹಲ್ಲು. ಅಂದರೆ ಪಿನಿಯನ್ ಕ್ರೌನ್ ವೀಲಿನ ನಟ್ಟನಡುವಿಗೆ ಬರದೆ ಸ್ವಲ್ಪ ಸರಿದು ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಭಾರ ಹೊತ್ತುಕೊಂಡೇ ಜಾರುತ್ತವೆ. ಬರೀ ಎಣ್ಣೆ ಅಲ್ಲಿ ನಿಲ್ಲುವುದಿಲ್ಲ, ಹಿಂಡಿ ಹೋಗುತ್ತದೆ. ಗಂಧಕ ಮತ್ತು ರಂಜಕ ಸೇರಿಸಿದ ಎಣ್ಣೆ ಬೇಕು. ಗೇರ್ ಎಣ್ಣೆಗೆ ಆ ಕೆಟ್ಟ ವಾಸನೆ ಬರುವುದೇ ಗಂಧಕದಿಂದ. ಜಿಎಲ್-4ರಲ್ಲಿ ಅದು ಕಮ್ಮಿ, ಅದು ಗೇರ್‌ಬಾಕ್ಸ್‌ಗೆ ಸರಿ, ಇಲ್ಲಿಗೆ ಸಾಲದು. ಉಳಿದಿದೆ ಅಂತ ಜಿಎಲ್-5 ತೆಗೆದುಕೊಂಡು ಹೋಗಿ ಗೇರ್‌ಬಾಕ್ಸ್‌ಗೆ ಸುರಿಯಲೂ ಬೇಡಿ, ಹಿತ್ತಾಳೆ ಸಿಂಕ್ರೊ ರಿಂಗ್‌ಗಳಿಗೆ ಅದು ಆಗಿಬರುವುದಿಲ್ಲ.

ದಪ್ಪ ಎಷ್ಟು ಅನ್ನುವುದಕ್ಕೆ ಪುಸ್ತಕ ನೋಡಿ. 80ಡಬ್ಲ್ಯೂ-90 ಅಥವಾ 85ಡಬ್ಲ್ಯೂ-140 ಇರುತ್ತದೆ. ಬಿಸಿಲು, ಭಾರ, ಏರು ಜಾಸ್ತಿ ಇರುವ ಕಡೆ 140. ಅಂಕಿ ನೋಡಿ ಹೆದರಬೇಡಿ, ಗೇರ್ ಎಣ್ಣೆಯ ಅಂಕಿ ಬೇರೆ ಅಳತೆಯದು, 90 ಅಂದರೆ ಎಂಜಿನ್ ಆಯಿಲ್ ಲೆಕ್ಕದಲ್ಲಿ 40, 50ರ ದಪ್ಪ ಅಷ್ಟೇ. ಲೀಟರ್ ಎಷ್ಟು ಅನ್ನುವುದು ಆಕ್ಸಲ್ ಮೇಲಿನ ತಗಡಿನ ನಂಬರ್ ಇಟ್ಟುಕೊಂಡು ಹುಡುಕಿದರೆ ಸಿಗುತ್ತದೆ. ದೊಡ್ಡ ಬಸ್ ಆದರೆ 10 ಲೀಟರ್‌ಗಿಂತ ಜಾಸ್ತಿ ಹಿಡಿಯುವುದು ಮಾಮೂಲು, ಆದ್ದರಿಂದ ಐದು ಲೀಟರ್ ಡಬ್ಬಿ ಒಂದೇ ತಂದು ಕೂರಬೇಡಿ.

ತುಂಬಾ ಹಳೇ ಗಾಡಿ ಇಟ್ಟುಕೊಂಡವರು ಓದುತ್ತಿದ್ದರೆ ಒಂದು ಮಾತು. ಹಿಂದಿನ ಕಾಲದ ಕೆಲವು ಬ್ರಿಟಿಷ್ ಬಸ್‌ಗಳಲ್ಲಿ ವರ್ಮ್ ಡ್ರೈವ್ (ಸ್ಕ್ರೂನಂಥ ಗೇರ್ ಚಕ್ರವನ್ನು ತಿರುಗಿಸುವ ಬಗೆ) ಇರುತ್ತಿತ್ತು, ಅದರ ಚಕ್ರ ಕಂಚಿನದು. ಅದಕ್ಕೆ ಈ ಗಂಧಕದ ಎಣ್ಣೆ ಕಣ್ಣು ಮುಚ್ಚಿ ಹಾಕಬಾರದು, ಕಂಚನ್ನು ಅದು ತಿನ್ನುತ್ತದೆ.

ಸದ್ದಿನ ಬಗ್ಗೆ: ಆಕ್ಸಿಲರೇಟರ್ ಒತ್ತಿದಾಗ ಬಂದು ಬಿಟ್ಟಾಗ ಕಮ್ಮಿ ಆದರೆ ಅದು ಕ್ರೌನ್ ಪಿನಿಯನ್ ಹಲ್ಲಿನದ್ದೇ ಇರಬೇಕು. ಒತ್ತಿದರೂ ಬಿಟ್ಟರೂ ಒಂದೇ ಸಮ ಬಂದರೆ ಬೇರಿಂಗ್. ತಿರುವಿನಲ್ಲಿ ಮಾತ್ರ ಬಂದರೆ ನಡುವಿನ ಸಣ್ಣ ಗೇರ್‌ಗಳು. ಸವೆದ ಹಲ್ಲನ್ನು ಎಣ್ಣೆ ಬೆಳೆಸುವುದಿಲ್ಲ, ಆದರೆ ಲೆವೆಲ್ ಕಮ್ಮಿ ಇದ್ದು ಸದ್ದು ಬರುತ್ತಿದ್ದರೆ ಸ್ವಲ್ಪ ಇಳಿಯಬಹುದು. ಮಾರುವ ಮೊದಲು ಮರದ ಹೊಟ್ಟು ಹಾಕಿ ಸದ್ದು ಅಡಗಿಸುವ ಕಿಲಾಡಿಗಳೂ ಇದ್ದಾರೆ, ಸುರಿಸುವಾಗ ಅದನ್ನೂ ನೋಡಿಕೊಳ್ಳಿ.

ಕಿಟಕಿ ಪಕ್ಕ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಹಿಂದೆ ಎಂಜಿನ್ ಇರುವ ಬಸ್, ಏರ್ ಸಸ್ಪೆನ್ಷನ್. ಇದೇ ಕ್ರಮ ಅಲ್ವಾ?

ಗ್ರೀಸ್ ಕೈ:

ಎಣ್ಣೆಯ ಮಟ್ಟಿಗೆ ಹೌದು. ಆದರೆ ಏರ್ ಸಸ್ಪೆನ್ಷನ್ ಬಸ್ ಕೆಳಗೆ ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡದೆ ತಲೆ ಹಾಕಲೇಬೇಡಿ. ಹಳೇ ಬಲೂನು ಯಾವ ಗಳಿಗೆಯಲ್ಲಿ ಗಾಳಿ ಬಿಡುತ್ತದೋ ಗೊತ್ತಾಗುವುದಿಲ್ಲ. ಬಾಡಿ ಕೂತಿತು ಅಂದರೆ ಆಕ್ಸಲ್ ಮತ್ತು ಫ್ಲೋರ್ ನಡುವೆ ಮನುಷ್ಯನ ಎದೆಗೆ ಜಾಗ ಉಳಿಯುವುದಿಲ್ಲ. ನೀವು ತಳ್ಳಿ ಹೊರಬರುತ್ತೇನೆ ಅನ್ನುವ ಮಾತೇ ಇಲ್ಲ. ಇನ್ನೊಂದು, ನಿಮ್ಮದರಲ್ಲಿ ಹಬ್ ರಿಡಕ್ಷನ್ (ಚಕ್ರದ ಹಬ್ ಒಳಗೇ ಇನ್ನೊಂದು ಗೇರ್ ಜೋಡಿ) ಇದ್ದರೆ ಚಕ್ರದ ತುದಿಯಲ್ಲಿ ಬೇರೆ ಪ್ಲಗ್‌ಗಳು ಇರುತ್ತವೆ, ಅವನ್ನು ಮರೆತು ನಡುವಿನದನ್ನು ಮಾತ್ರ ಬದಲಿಸಿದವರು ಬೇಕಾದಷ್ಟು ಜನ.

ಹಿಂದಿನ ಸೀಟು:

ಕೆಲಸ ಮುಗಿಸಿ ಬರೆಯುತ್ತಿದ್ದೇನೆ. ಮೈಯೆಲ್ಲ ಇನ್ನೂ ಗಂಧಕದ ವಾಸನೆ, ಮೂರು ಸಲ ಸೋಪು ಹಾಕಿ ತೊಳೆದರೂ ಹೋಗಿಲ್ಲ.

ದೊಡ್ಡ ಪ್ಲಗ್ ಎರಡು ರಾತ್ರಿ ತೆಗೆದುಕೊಂಡಿತು. ಗುಳಿಯ ಮಣ್ಣು ಕೆರೆಯುವುದಕ್ಕೇ ಅರ್ಧ ಗಂಟೆ. ಮೊಳೆಯಲ್ಲಿ ಕೆರೆದಷ್ಟೂ ಕಲ್ಲಿನಂಥದ್ದು ಬರುತ್ತಲೇ ಇತ್ತು, ನಾನು ತಳ ಅಂದುಕೊಂಡಿದ್ದು ತಳವೇ ಅಲ್ಲ. ಕೊನೆಗೆ ಟೂಲ್ ಪೂರ್ತಿ ಕೂತಿತು, ಪೈಪ್ ಹಾಕಿ ಒತ್ತಿದೆ, ಕಿರ್ರ್ ಅಂದಿತು. ಬೆರಳು ಹಾಕಿದರೆ ಎರಡನೇ ಗೆಣ್ಣಿನ ತನಕ ಗಾಳಿ. ತುದಿಗೆ ಮಾತ್ರ ಎಣ್ಣೆ. ನೀವು ಹೇಳಿದ್ದು ಸರಿ, ಫುಲ್ ಅಂದುಕೊಂಡು ಓಡಿಸುತ್ತಿದ್ದೆ.

ಅರ್ಧ ಗಂಟೆ ಓಡಿಸಿಕೊಂಡು ಬಂದು, ಬಿಸಿ ಇರುವಾಗಲೇ ಸುರಿಸಿದೆ. 10 ಲೀಟರ್ ಚಿಲ್ಲರೆ ಬಂತು. ಕಪ್ಪು, ಆದರೆ ಹಾಲು ಬೆರೆತ ಥರ ಇರಲಿಲ್ಲ. ಮರದ ಹೊಟ್ಟು ಇಲ್ಲ. ಡ್ರೈನ್ ಪ್ಲಗ್ ತುದಿಯಲ್ಲಿ ಅಯಸ್ಕಾಂತ ಇತ್ತು, ಅದರ ಮೇಲೆ ಬೂದು ಬಣ್ಣದ ಪೇಸ್ಟ್ ಗುಪ್ಪೆಯಾಗಿ ಕೂತಿತ್ತು. ಬೆರಳ ನಡುವೆ ಉಜ್ಜಿದೆ, ನುಣ್ಣಗೆ ಇತ್ತು, ಆದರೆ ಒಂದು ಚೂರು ಮಾತ್ರ ಉಗುರಿಗೆ ಸಿಕ್ಕಿತು, ಅಕ್ಕಿ ನುಚ್ಚಿನಷ್ಟು. ಇದು ಹೆದರಬೇಕಾದ್ದಾ?

ಬ್ರೀದರ್ ಪೂರ್ತಿ ಕಟ್ಟಿತ್ತು. ಟೋಪಿ ಅಲ್ಲಾಡಲಿಲ್ಲ, ಬಿಚ್ಚಿ ಊದಿದರೆ ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ ತಂತಿ ಹಾಕಿ ಬಿಡಿಸಿದೆ. ಪುಸ್ತಕದಲ್ಲಿ ಎರಡೂ ದಪ್ಪಕ್ಕೆ ಒಪ್ಪಿಗೆ ಇತ್ತು, ಬಿಸಿಲು ನೋಡಿ 85ಡಬ್ಲ್ಯೂ-140 ತಂದೆ. ಕೈ ಪಂಪ್‌ನಲ್ಲಿ ಹಾಕುವಷ್ಟರಲ್ಲಿ ಭುಜ ಬಿದ್ದುಹೋಯಿತು, ಡಬ್ಬಿಗಳನ್ನು ಬಿಸಿಲಿನಲ್ಲಿ ಇಟ್ಟ ಮೇಲೆ ಸ್ವಲ್ಪ ಸಲೀಸಾಯಿತು. 12 ಲೀಟರ್ ದಾಟಿದ ಮೇಲೆ ತೂತಿನ ಅಂಚಿಗೆ ಬಂತು.

ಗ್ರೀಸ್ ಕೈ:

ಚೆನ್ನಾಗಿ ಮಾಡಿದ್ದೀರಿ. ಬೂದು ಪೇಸ್ಟ್ ಮಾಮೂಲು, ಇಷ್ಟು ವರ್ಷದ ಸವೆತ ಅದು. ಒಂದು ನುಚ್ಚಿಗೆ ಹೆದರಬೇಡಿ, ಆದರೆ ಎಸೆಯಬೇಡಿ, ಕಾಗದದಲ್ಲಿ ಸುತ್ತಿ ಇಡಿ. ಎರಡು ಸಾವಿರ ಕಿಲೋಮೀಟರ್ ಆದ ಮೇಲೆ ಡ್ರೈನ್ ಪ್ಲಗ್ ಮತ್ತೆ ಬಿಚ್ಚಿ ನೋಡಿ. ಹೊಸದಾಗಿ ಚೂರು ಬಂದಿದ್ದರೆ, ಅದರಲ್ಲೂ ಒಂದು ಬದಿ ನಯವಾಗಿ ಹೊಳೆಯುವ ಚೂರು ಬಂದಿದ್ದರೆ, ಅದು ಹಲ್ಲಿನ ತುಂಡು, ಆಗ ಬಿಚ್ಚಲೇಬೇಕು. ಹಳದಿ ಮಿಂಚು ಕಂಡರೆ ಒಳಗಿನ ವಾಷರ್‌ಗಳು ಸವೆಯುತ್ತಿವೆ.

ಒಂದು ಕೆಲಸ ಬಾಕಿ ಇದೆ. ಪುಸ್ತಕದಲ್ಲಿ ಹಬ್ ಬೇರಿಂಗ್‌ಗೆ ಎಣ್ಣೆಯೋ ಗ್ರೀಸೋ ನೋಡಿ. ಎಣ್ಣೆ ಅಂದರೆ ಅದು ಹೋಗುವುದು ಈ ಹೌಸಿಂಗ್‌ನಿಂದಲೇ. ಮುಂದಿನ ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು, ಹಿಂದಿನ ಒಂದು ಬದಿಯನ್ನು 15 ಸೆಂಟಿಮೀಟರ್‌ನಷ್ಟು ಎತ್ತಿ ಒಂದು ನಿಮಿಷ ಬಿಡಿ, ಎಣ್ಣೆ ಕೆಳಗಿರುವ ಎದುರು ಬದಿಯ ಹಬ್‌ಗೆ ಹರಿಯುತ್ತದೆ. ಆಮೇಲೆ ಇನ್ನೊಂದು ಬದಿ ಎತ್ತಿ ಹಾಗೇ. ಇಳಿಸಿ ಹತ್ತು ನಿಮಿಷ ಬಿಟ್ಟು ಲೆವೆಲ್ ನೋಡಿ, ಕಮ್ಮಿ ಆಗಿದ್ದರೆ ತುಂಬಿಸಿ. ಅಂಚಿಗಿಂತ ಮೇಲೆ ಬೇಡ, ಜಾಸ್ತಿ ಆದರೆ ಅದು ನೊರೆ ಕಟ್ಟಿ ಬ್ರೀದರ್‌ನಿಂದ ಹೊರಬರುತ್ತದೆ. ಚಕ್ರದ ಒಳಬದಿ ಡ್ರಮ್ ಹತ್ತಿರ ಒದ್ದೆ ಕಂಡರೆ ಮಾತ್ರ ಕೂಡಲೇ ನಿಲ್ಲಿಸಿ, ಬ್ರೇಕ್ ಲೈನಿಂಗ್ ಎಣ್ಣೆ ಕುಡಿದರೆ ತೊಳೆದು ಸರಿ ಹೋಗುವುದಿಲ್ಲ, ಹೊಸದೇ ಹಾಕಬೇಕು.

ಹಳೇ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ, ಡಬ್ಬಿಯಲ್ಲಿ ತುಂಬಿ ಹಳೇ ಎಣ್ಣೆ ತೆಗೆದುಕೊಳ್ಳುವವರಿಗೆ ಕೊಡಿ.

ರಾತ್ರಿ ಡ್ರೈವರ್:

ಬ್ರೀದರ್ ವಿಷಯ ಓದಿದ ಮೇಲೆ ನಾನೂ ಹೋಗಿ ನಮ್ಮದರ ಟೋಪಿ ತಿರುಗಿಸಿ ನೋಡಿದೆ. ಅಲ್ಲಾಡಲಿಲ್ಲ. ಇನ್ನು ಮಾತಾಡುವುದಿಲ್ಲ.

ಹಿಂದಿನ ಸೀಟು:

ಹಬ್‌ಗಳು ಎಣ್ಣೆಯವೇ. ಎರಡೂ ಬದಿ ಎತ್ತಿ ಇಳಿಸಿದ ಮೇಲೆ ಅರ್ಧ ಲೀಟರ್ ಮತ್ತೆ ಹಿಡಿಯಿತು. ಪಿನಿಯನ್ ಮೂತಿಯನ್ನು ಒರೆಸಿ, ಬಿಳಿ ಕಾಗದ ಕಟ್ಟಿ 200 ಕಿಲೋಮೀಟರ್ ಓಡಿಸಿದೆ. ಕಾಗದದ ಒಂದು ಮೂಲೆಗೆ ಕಡಲೆಕಾಳಿನಷ್ಟು ಕಲೆ, ಅಷ್ಟೇ. ಸದ್ದು ಪೂರ್ತಿ ಹೋಗಿಲ್ಲ. 60ಕ್ಕೆ ಬರುತ್ತಿದ್ದದ್ದು ಈಗ 70ರ ಹತ್ತಿರ ಬರುತ್ತದೆ, ನಾನು ಅಷ್ಟು ಜೋರಾಗಿ ಹೋಗುವವನೂ ಅಲ್ಲ. ನುಚ್ಚು ಕಾಗದದಲ್ಲಿ ಸುತ್ತಿ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇಟ್ಟಿದ್ದೇನೆ, ಎರಡು ಸಾವಿರ ಆದಾಗ ಮತ್ತೆ ಬರೆಯುತ್ತೇನೆ.